ಪಾತಾಳಯಾತ್ರಿ ಮಾರ್ಟೆಲ್

ಕುಂದಾಪುರ ತಾಲೂಕಿನ ಕೆರಾಡಿಯ ಸಮೀಪ ಮೂಡುಗಲ್ಲು ಎಂಬಲ್ಲಿ ಕೇಶವನಾಥೇಶ್ವರನ ಗುಹಾಲಯವಿದೆ. ಹೊರಗಿನ ಬಿಸಿಲಿನಿಂದ ಬಂದವನು ಗುಹೆಯೊಳಕ್ಕೆ ಹೆಜ್ಜೆಯಿಟ್ಟೊಡನೆ ಕಾಲಿಗೆ ತಣ್ಣನೆಯ ನೀರು ತಾಗುತ್ತದೆ. ನೀರಿನಲ್ಲಿ ಮೀನುಗಳು ಸುಳಿದಾಡುತ್ತವೆ. ಅವುಗಳನ್ನು ತುಳಿಯದಂತೆ ಕಾಲೆಳೆದುಕೊಂಡು ಮುಂದೆ ಸಾಗಿದರೆ ಕತ್ತಲೆಯ ನಡುವೆ ದೀಪದ ಬೆಳಕಿನಲ್ಲಿ ಲಿಂಗದ ದರ್ಶನವಾಗುತ್ತದೆ. ಕೈಮುಗಿದು ಹಿಂತಿರುಗುವಾಗ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಾದರೂ ಕೇಳಿಕೊಳ್ಳದವರು ಕಡಮೆ: ಈ ಗುಹೆಯು ಇನ್ನೂ ಎಷ್ಟು ದೂರ ಹೋಗುತ್ತದೆ? ನಮ್ಮ ನಾಡಿನ ಎಷ್ಟೋ ಗುಹೆಗಳ ವಿಷಯದಲ್ಲಿ ಈ ಪ್ರಶ್ನೆಗೆ ಅಜ್ಜಯ್ಯಂದಿರು ಕೊಡುವ ಉತ್ತರ ಒಂದೇ. ಅದು ಕಾಶಿಯವರೆಗೂ ಹೋಗುತ್ತದೆ. ಹಿಂದೊಬ್ಬನು ಒಳಹೊಕ್ಕವನು ಮತ್ತೆ ಬರಲಿಲ್ಲ. ಉತ್ತರವು ರಮ್ಯವಾದುದು. ಆದರೆ ಅಳತೆಯ ಹಗ್ಗವನ್ನು ಹಿಡಿದು ಒಳಹೋಗಿ ನೋಡಿ ಬಂದವರು ಯಾರು?

ಹೀಗೆ ಹಗ್ಗ ಹಿಡಿದು ಒಳಹೋದ ಒಬ್ಬ ಮಹಾಪುರುಷನ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಬೇಕೆಂದಿದ್ದೇನೆ. ಆತನು ಫ್ರಾನ್ಸ್ ದೇಶದ ಎಡುವಾರ್ ಆಲ್‌ಫ್ರೆಡ್ ಮಾರ್ಟೆಲ್. ಗುಹಾಶಾಸ್ತ್ರವೆಂಬ ವಿದ್ಯೆಗೆ ಆತನನ್ನು ಜನಕನೆಂದು ಜಗತ್ತು ಕರೆಯುತ್ತದೆ. ಆತನು ತೀರಿಕೊಂಡು ಎಂಟು ದಶಕಗಳ ಮೇಲಾಯಿತು. ಆದರೂ ಈಗ ಆತನನ್ನು ನೆನೆಯುವುದಕ್ಕೆ ವಿಶೇಷ ಕಾರಣವೊಂದಿದೆ. ಮಂಗಳ ಗ್ರಹದ ಮೇಲೆ ಗುಹೆಗಳ ಬಾಯಿಗಳಿರಬಹುದೆಂಬ ಸುದ್ದಿ 2007ರಲ್ಲಿ ಬಂದಂದಿನಿಂದ ಲೋಕದ ಗುಹಾಪ್ರಿಯರೆಲ್ಲ ತಲೆ ಮೇಲೆತ್ತಿ ನೋಡಲಾರಂಭಿಸಿದ್ದಾರೆ. ಜೀವಮಾನವೆಲ್ಲ ನೆಲದ ಕೆಳಗೆ ನೋಡಿದವರು ಆಕಾಶದತ್ತ ನೋಡುವಂತಾದುದು ಸೋಜಿಗವೇ ಸರಿ. ಅವರ ಸಂತೋಷಕ್ಕೂ ಸಂದೇಹಕ್ಕೂ ಭಯಕ್ಕೂ ಮೂಲವನ್ನು ಹುಡುಕಹೊರಟರೆ ನಾವು ಮಾರ್ಟೆಲನ ಬಾಳಿಗೇ ಬಂದು ನಿಲ್ಲುತ್ತೇವೆ.

ಮಾರ್ಟೆಲನು 1859ನೇ ಇಸವಿ ಜುಲೈ 1ರಂದು ಪ್ಯಾರಿಸಿನ ಸಮೀಪದ ಪೊಂತ್ವಾಸ್ ಎಂಬ ಊರಿನಲ್ಲಿ ಜನಿಸಿದನು. ಮನೆತನವು ನ್ಯಾಯವಾದಿಗಳದು. ಏಳು ವರ್ಷದ ಬಾಲಕನಾಗಿದ್ದಾಗ, 1866ರಲ್ಲಿ, ತಂದೆತಾಯಿಯರೊಡನೆ ಪಿರನೀಸ್ ಪರ್ವತಗಳಿಗೆ ಹೋಗಿದ್ದ ಸಮಯದಲ್ಲಿ ಗಾರ್ಗಾಸ್ ಎಂಬ ಗುಹೆಯನ್ನು ನೋಡಿದನು. ಮಕ್ಕಳು ಸಾಮಾನ್ಯವಾಗಿ ಕತ್ತಲೆಗೆ ಅಂಜುತ್ತಾರೆ. ಈ ಬಾಲಕನಿಗಾದರೋ ಕತ್ತಲೆಯೇ ಕರೆದಂತಾಯಿತು. ಮುಂದೆ ಶಾಲೆಯಲ್ಲಿ ಆತನ ಕೈಗೆ ಜೂಲ್ಸ್ ವೆರ್ನನ ಕಥೆಗಳು ಸಿಕ್ಕವು. ಭೂಗರ್ಭಕ್ಕೆ ಇಳಿದುಹೋಗುವ ಆ ಕಲ್ಪನೆಯ ಯಾತ್ರಿಕರು ಆತನ ಬಾಲ್ಯದ ಸಂಗಾತಿಗಳಾದರು. 1877ರಲ್ಲಿ, ಹದಿನೆಂಟರ ಹರೆಯದಲ್ಲಿ, ಇಡೀ ಫ್ರಾನ್ಸಿನ ವಿದ್ಯಾರ್ಥಿಗಳ ಸ್ಪರ್ಧೆಯಲ್ಲಿ ಭೂಗೋಳಶಾಸ್ತ್ರಕ್ಕೆ ಮೊದಲ ಬಹುಮಾನವನ್ನು ಪಡೆದನು.

ಅದೇ 1877ರಲ್ಲಿ ಇಟಲಿಯ ಜ್ಯೋತಿರ್ವಿಜ್ಞಾನಿ ಸ್ಕಿಯಾಪರೆಲ್ಲಿಯು ತನ್ನ ದೂರದರ್ಶಕದಲ್ಲಿ ಮಂಗಳ ಗ್ರಹದ ಮೇಲೆ ಗೆರೆಗಳನ್ನು ಕಂಡೆನೆಂದು ಸಾರಿದನು. ಗೆರೆಗಳು ಜನರ ಬಾಯಲ್ಲಿ ಕಾಲುವೆಗಳಾದವು. ಕಾಲುವೆಗಳನ್ನು ತೋಡಿದ ಜಾಣಜೀವಿಗಳೂ ಹುಟ್ಟಿಕೊಂಡರು. ಅಮೆರಿಕದ ಪರ್ಸಿವಲ್ ಲೊವೆಲನು 1895ರಲ್ಲಿ ಇದರ ಮೇಲೊಂದು ಗ್ರಂಥವನ್ನೇ ಬರೆದನು. ಅರ್ಧ ಜಗತ್ತು ಹೀಗೆ ಮಂಗಳನ ಕಾಲುವೆಗಳ ಕನಸಿನಲ್ಲಿ ಮೈಮರೆತಿದ್ದಾಗ ಮಾರ್ಟೆಲನು ತನ್ನ ಕಾಲ ಕೆಳಗೆ ಏನಿದೆಯೆಂಬುದನ್ನು ನೋಡಹೊರಟನು. ಕಡೆಗೆ ಆ ಕಾಲುವೆಗಳು ಕಣ್ಣಿನ ಭ್ರಾಂತಿಯೆಂದು ತೀರ್ಮಾನವಾಯಿತು. 1965ರಲ್ಲಿ ಮ್ಯಾರಿನರ್ 4 ನೌಕೆಯು ಸಮೀಪದಿಂದ ತೆಗೆದು ಕಳುಹಿಸಿದ ಚಿತ್ರಗಳಲ್ಲಿ ಕುಳಿಗಳು ಕಂಡವು, ಕಾಲುವೆಗಳು ಕಾಣಲಿಲ್ಲ. ಮಾರ್ಟೆಲನು ಕಂಡ ಪಾತಾಳದ ನದಿಗಳಾದರೋ ಇಂದಿಗೂ ಹರಿಯುತ್ತಿವೆ.

ತಂದೆಯ ದಾರಿಯನ್ನೇ ಹಿಡಿದು ಮಾರ್ಟೆಲನು ಕಾನೂನನ್ನು ಓದಿ ಪ್ಯಾರಿಸಿನ ವಾಣಿಜ್ಯ ನ್ಯಾಯಾಲಯದಲ್ಲಿ ವಕೀಲಿ ಮಾಡಿದನು. ವ್ಯಾಪಾರಿಗಳ ಲೆಕ್ಕಪತ್ರ, ಕರಾರು, ದಾವೆಗಳ ನಡುವೆ ವರ್ಷದ ಬಹುಭಾಗವು ಕಳೆಯುತ್ತಿತ್ತು. ಬೇಸಿಗೆಯ ರಜೆ ಬಂದಿತೆಂದರೆ ಕರಿಯಂಗಿಯನ್ನು ಗೂಟಕ್ಕೆ ಸಿಕ್ಕಿಸಿ, ಹಗ್ಗದೇಣಿಗಳನ್ನು ಮೂಟೆ ಕಟ್ಟಿ ಹೊರಡುತ್ತಿದ್ದನು. ಗುಹೆಗಳಿಂದ ಆತನಿಗೆ ಸಂಬಳವಿರಲಿಲ್ಲ. ಸಂಪಾದಿಸಿದುದರಲ್ಲಿ ಎಷ್ಟೋ ಭಾಗವನ್ನು ಗುಹೆಗಳಿಗೇ ಸುರಿದನು. 1899ರಲ್ಲಿ ವಕೀಲಿಯನ್ನು ಬಿಟ್ಟು ತನ್ನ ಪ್ರಿಯವಿದ್ಯೆಗೇ ಸಂಪೂರ್ಣವಾಗಿ ಮೀಸಲಾದನು.

ದಕ್ಷಿಣ ಫ್ರಾನ್ಸಿನಲ್ಲಿ ಕೋಸ್ ಎಂದು ಕರೆಯಲ್ಪಡುವ ಸುಣ್ಣಕಲ್ಲಿನ ಎತ್ತರದ ಬಯಲುಗಳಿವೆ. ಮಳೆ ಸುರಿದರೂ ಮೇಲೆ ನೀರು ನಿಲ್ಲದು. ಸುಣ್ಣಕಲ್ಲನ್ನು ಮಳೆಯ ನೀರು ಮೆಲ್ಲಮೆಲ್ಲನೆ ಕರಗಿಸಿ, ಬಿರುಕುಗಳನ್ನು ದೊಡ್ಡದು ಮಾಡಿ, ಒಳಗೇ ಹಾದಿಗಳನ್ನು ಕೊರೆಯುತ್ತದೆ. ಅಲ್ಲಲ್ಲಿ ನೆಲವು ಬಾಯ್ತೆರೆದು ಭಯಂಕರವಾದ ಕೂಪಗಳಾಗಿರುತ್ತವೆ. ನಮ್ಮ ಮುರಕಲ್ಲಿನ ಕಥೆ ಇದಕ್ಕಿಂತ ಬೇರೆ. ನಮ್ಮಲ್ಲಿ ಮೇಲಿನ ಗಟ್ಟಿ ಪದರದ ಅಡಿಯಲ್ಲಿರುವ ಮೆದು ಜೇಡಿಯನ್ನು ನೀರು ಕೊಚ್ಚಿಕೊಂಡುಹೋಗಿ ಮಾಟಗಳಾಗುತ್ತವೆ. ಆದರೆ ಜನರ ನಂಬಿಕೆಗಳು ಎರಡು ಕಡೆಯೂ ಒಂದೇ. ಕೋಸ್ ಪ್ರದೇಶದ ಕುರುಬರೂ ಅವುಗಳಿಗೆ ತಳವಿಲ್ಲವೆಂದೂ, ಅವು ನರಕದ ಬಾಗಿಲುಗಳೆಂದೂ ನಂಬಿ ದೂರದಿಂದಲೇ ಸುತ್ತಿಹೋಗುತ್ತಿದ್ದರು.

ಮಾರ್ಟೆಲನ ಮೊದಲ ದೊಡ್ಡ ಸಾಹಸವು 1888ರ ಜೂನ್ ಕೊನೆಯಲ್ಲಿ ನಡೆಯಿತು. ಬೊನೂರ್ ಎಂಬ ಸಣ್ಣ ಹೊಳೆಯೊಂದು ಕಾಂಪ್ರಿಯೂ ಗ್ರಾಮದ ಬಳಿ ನೆಲದೊಳಕ್ಕೆ ನುಗ್ಗಿ ಮಾಯವಾಗಿ ಬೆಟ್ಟದ ಆಚೆಯ ಮಗ್ಗುಲಲ್ಲಿ ಗರ್ಜಿಸುತ್ತ ಹೊರಬೀಳುತ್ತಿತ್ತು. ಆ ಗರ್ಜನೆಯಿಂದಲೇ ಅದಕ್ಕೆ ಬ್ರಾಮಾಬಿಯೋ ಎಂದು ಹೆಸರು. ಕೂಗುವ ಎತ್ತು ಎಂದು ಅದರ ಅರ್ಥ. ಹೊಳೆಯು ಹೊಕ್ಕ ಬಾಯಿಂದ ತಾನೂ ಹೊಕ್ಕು, ಅದು ಹೊರಬೀಳುವಲ್ಲಿ ತಾನೂ ಹೊರಬರಬೇಕೆಂದು ಮಾರ್ಟೆಲನು ನಿಶ್ಚಯಿಸಿದನು. ಮೊದಲ ದಿನದ ಯತ್ನ ಫಲಿಸಲಿಲ್ಲ. ಮರುದಿನ ಮೇಣದಬತ್ತಿಗಳ ಬೆಳಕಿನಲ್ಲಿ ಜಲಪಾತಗಳನ್ನು ಇಳಿದು, ಎದೆಮಟ್ಟದ ನೀರನ್ನು ದಾಟಿ, ಸಂಗಡಿಗರೊಡನೆ ಬೆಟ್ಟದ ಆಚೆಯ ಹಗಲನ್ನು ಸೇರಿದನು. ಫ್ರಾನ್ಸಿನ ಗುಹಾಶಾಸ್ತ್ರವು ಹುಟ್ಟಿದುದು ಆ ದಿನವೆಂದು ಬಲ್ಲವರು ಎಣಿಸುತ್ತಾರೆ.

ಈ ಸಂಗಡಿಗರಲ್ಲಿ ಲೂಯಿ ಆರ್ಮಾನ್ ಎಂಬಾತನ ಹೆಸರನ್ನು ಮರೆಯಲಾಗದು. ಅವನು ಲ ರೋಜಿಯೇ ಎಂಬ ಹಳ್ಳಿಯ ಕಮ್ಮಾರ. ಪ್ಯಾರಿಸಿನ ವಕೀಲನಿಗೂ ಹಳ್ಳಿಯ ಕಮ್ಮಾರನಿಗೂ ನೆಲದ ಮೇಲೆ ಎಷ್ಟು ಅಂತರವಿತ್ತೋ, ನೆಲದ ಕೆಳಗೆ ಅಷ್ಟೇ ಸಮಾನತೆಯಿತ್ತು. ಒಬ್ಬನ ಪ್ರಾಣವು ಇನ್ನೊಬ್ಬನ ಕೈಯಲ್ಲಿರುವ ಹಗ್ಗದ ತುದಿಯಲ್ಲಿ ತೂಗುತ್ತಿರುವಾಗ ಮೇಲುಕೀಳು ಎಲ್ಲಿಯದು?

ಅವರ ಸಲಕರಣೆಗಳನ್ನು ಇಂದು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಹಗ್ಗದೇಣಿ, ತೊಟ್ಟಿಲಂತೆ ಕುಳಿತು ಇಳಿಯಲು ಹಗ್ಗದ ಕೊನೆಗೆ ಕಟ್ಟಿದ ಒಂದು ಮರದ ತುಂಡು, ಬೆಳಕಿಗೆ ಮೇಣದಬತ್ತಿ ಮತ್ತು ಉರಿಸಿದರೆ ಪ್ರಖರವಾಗಿ ಬೆಳಗುವ ಮೆಗ್ನೀಸಿಯಂ ಪಟ್ಟಿ, ಪಾತಾಳದ ಕೆರೆಗಳಲ್ಲಿ ತೇಲಲು ಮಡಚಿ ಒಯ್ಯಬಹುದಾದ ಕ್ಯಾನ್ವಾಸಿನ ದೋಣಿ. ಇವೆಲ್ಲಕ್ಕಿಂತ ಹೊಸದು ತಂತಿಯ ಟೆಲಿಫೋನು. ಆಳವಾದ ಕೂಪದಲ್ಲಿ ಕೂಗಿದ ಮಾತು ಗೋಡೆಗಳಿಗೆ ಬಡಿದು ಮೇಲಿನವರಿಗೆ ಅರ್ಥವಾಗದೆ ಹೋಗುತ್ತಿತ್ತು. ಇಳಿಸಿರಿ ಎಂದದ್ದು ಎಳೆಯಿರಿ ಎಂದು ಕೇಳಿಸಿದರೆ ಗತಿಯೇನು? ಆದುದರಿಂದ ಮಾರ್ಟೆಲನು ಟೆಲಿಫೋನನ್ನು ಕೊರಳಿಗೆ ಕಟ್ಟಿಕೊಂಡು ಇಳಿಯತೊಡಗಿದನು.

1889ರ ಜುಲೈ 9ರಂದು ಪಾದಿರಾಕ್ ಎಂಬ ಮಹಾಕೂಪಕ್ಕೆ ಇಳಿದನು. ಮುವ್ವತ್ತು ಮೀಟರಿಗೂ ಹೆಚ್ಚು ಅಗಲವಾದ ಬಾಯಿ. ಸುಮಾರು 75 ಮೀಟರು ಆಳ. ಸೈತಾನನು ನೆಲಕ್ಕೆ ಕಾಲನ್ನೊದೆದುದರಿಂದ ಆ ಕೂಪವು ಬಿರಿಯಿತೆಂದೂ, ಸಂತ ಮಾರ್ಟಿನ್ ಎಂಬಾತನ ಹೇಸರಗತ್ತೆಯು ಅದನ್ನು ಒಂದೇ ನೆಗೆತಕ್ಕೆ ಹಾರಿತೆಂದೂ ಊರಿನ ಕಥೆ. ಮಾರ್ಟೆಲನಿಗೆ ಅಡಿಯಲ್ಲಿ ಸೈತಾನನು ಸಿಗಲಿಲ್ಲ. ಕಲ್ಲುಗಳ ರಾಶಿಯನ್ನು ಇಳಿದು ಒಳಗೆ ಸಾಗಿದಾಗ ಸ್ಫಟಿಕದಂತೆ ನಿರ್ಮಲವಾದ ನದಿಯೊಂದು ಕತ್ತಲೆಯಲ್ಲಿ ನಿಶ್ಶಬ್ದವಾಗಿ ಹರಿಯುತ್ತಿತ್ತು. ಕ್ಯಾನ್ವಾಸಿನ ದೋಣಿಯನ್ನು ಬಿಡಿಸಿ ಅದರ ಮೇಲೆ ತೇಲಿಹೋದರು. ಅದುವರೆಗೆ ಮನುಷ್ಯನ ಕಣ್ಣು ಕಾಣದ ಮಂಟಪಗಳೂ ಕಲ್ಲಿನ ಜಲ್ಲಿಗಳೂ ಮೇಣದ ಬೆಳಕಿನಲ್ಲಿ ಮಿನುಗಿದವು. ಅಂದು ಮುಂದಿನ ಹಾದಿಯನ್ನು ಬಿಟ್ಟು ಬರಬೇಕಾಯಿತು. 1890ರಲ್ಲಿ ಮತ್ತೆ ಹೋಗಿ ಮುಂದುವರಿದರು. ಕುರುಬರು ಹೆದರುತ್ತಿದ್ದ ಆ ನರಕದ ಬಾಗಿಲಿಗೆ ಇಂದು ಪ್ರತಿ ವರ್ಷವೂ ಲಕ್ಷಗಟ್ಟಲೆ ಜನರು ಹೋಗಿ ದೋಣಿಯೇರುತ್ತಾರೆ.

ಮಾರ್ಟೆಲನು ಸಾಹಸಿ ಮಾತ್ರನಾಗಿದ್ದರೆ ಆತನ ಹೆಸರು ಯಾತ್ರಿಕರ ಪಟ್ಟಿಯಲ್ಲಿ ಸೇರಿ ಹೋಗುತ್ತಿತ್ತು. ಆತನನ್ನು ಲೋಕೋಪಕಾರಿಯನ್ನಾಗಿ ಮಾಡಿದುದು ಒಂದು ಸತ್ತ ಕರು.

1891ರಲ್ಲಿ ಲೋ ಪ್ರಾಂತ್ಯದ ಒಂದು ಕೂಪವನ್ನು ಮಾರ್ಟೆಲನೂ ಸಂಗಡಿಗರೂ ಇಳಿದರು. ತಳದಲ್ಲಿ ಕೊಳೆತ ಕರುವಿನ ಶವವಿತ್ತು. ಸತ್ತ ದನಕರುಗಳನ್ನು ಹೂಳುವ ಶ್ರಮವೇಕೆಂದು ರೈತರು ಇಂತಹ ಬಾಯಿಗಳಿಗೆ ಎಸೆದುಬಿಡುವುದು ಅಲ್ಲಿಯ ವಾಡಿಕೆ. ಮೇಲೆ ಬಂದವರು ಬಾಯಾರಿಕೆಯಿಂದ ತಗ್ಗಿನಲ್ಲಿದ್ದ ಒಂದು ಚಿಲುಮೆಯ ನೀರನ್ನು ಕುಡಿದರು. ತಿಳಿಯಾದ, ತಂಪಾದ, ಕಲ್ಲಿನಿಂದ ಒಸರಿ ಬಂದ ನೀರು! ಅಂತಹ ನೀರಿಗಿಂತ ಶುದ್ಧವಾದುದಿಲ್ಲವೆಂದು ಆ ಕಾಲದ ಜನರ ನಂಬಿಕೆ. ಕುಡಿದವರು ತೀವ್ರವಾದ ಕಾಯಿಲೆಗೆ ಬಿದ್ದರು. ಹಾಸಿಗೆ ಹಿಡಿದ ಮಾರ್ಟೆಲನಿಗೆ ಕೂಪಕ್ಕೂ ಚಿಲುಮೆಗೂ ಇರುವ ಸಂಬಂಧವು ಹೊಳೆಯಿತು. ಮಣ್ಣು ಮರಳುಗಳು ನೀರನ್ನು ಸೋಸುತ್ತವೆ. ಬಿರುಕುಬಿಟ್ಟ ಸುಣ್ಣಕಲ್ಲು ಸೋಸುವುದಿಲ್ಲ. ಅದು ಕೇವಲ ಕೊಳವೆ. ಮೇಲಿನ ಬಾಯಿಗೆ ಹಾಕಿದುದನ್ನು ಕೆಳಗಿನ ಬಾಯಿಯು ಹಾಗೆಯೇ ಹಿಂತಿರುಗಿಸುತ್ತದೆ.

ಅಲ್ಲಿಂದ ಮುಂದೆ ಹತ್ತು ವರ್ಷಕಾಲ ಮಾರ್ಟೆಲನು ಬರೆದುದೂ ವಾದಿಸಿದುದೂ ಈ ವಿಷಯದ ಮೇಲೆಯೇ. ನೀರಿಗೆ ಬಣ್ಣ ಬೆರೆಸಿ ಅದು ಎಲ್ಲಿ ಹೊರಬರುವುದೆಂದು ತೋರಿಸುವ ಪ್ರಯೋಗಗಳನ್ನು ನಡೆಸಿದನು. ಫ್ಲೂರೆಸೀನ್ ಎಂಬ ಹಸುರು ಬಣ್ಣವನ್ನು ಒಂದು ಬಾಯಿಯಲ್ಲಿ ಸುರಿದರೆ ಎಷ್ಟೋ ದೂರದ ಹಳ್ಳಿಯ ಚಿಲುಮೆಯು ಹಸುರಾಗುತ್ತಿತ್ತು. ಕಣ್ಣಾರೆ ಕಂಡ ಮೇಲೆ ವಾದಿಸುವವರಾರು? 1902ರ ಫೆಬ್ರವರಿ 15ರಂದು ಫ್ರಾನ್ಸಿನ ಸಾರ್ವಜನಿಕ ಆರೋಗ್ಯದ ಕಾಯಿದೆಯು ಅಂಗೀಕಾರವಾಯಿತು. ಪ್ರಾಣಿಗಳ ಶವಗಳನ್ನೂ ಕೊಳೆಯನ್ನೂ ಗುಹೆ ಕೂಪಗಳಿಗೆ ಎಸೆಯಬಾರದೆಂಬ ವಿಧಿ ಅದರಲ್ಲಿ ಸೇರಿತು. ಜನರು ಅದನ್ನು ಮಾರ್ಟೆಲನ ಕಾನೂನೆಂದೇ ಕರೆದರು. ನ್ಯಾಯಾಲಯವನ್ನು ಬಿಟ್ಟುಬಂದ ವಕೀಲನು ಗೆದ್ದ ಅತಿ ದೊಡ್ಡ ದಾವೆ ಇದೇ ಎನ್ನಬಹುದು. ಅದರಿಂದ ಉಳಿದ ಪ್ರಾಣಗಳನ್ನು ಎಣಿಸಿದವರಾರು?

ಈ ನಡುವೆ 1894ರಲ್ಲಿ ಆತನ ಮಹಾಗ್ರಂಥವಾದ ಲೇಜ಼ಬೀಮ್, ಅಂದರೆ ಕೂಪಗಳು ಎಂಬುದು ಪ್ರಕಟವಾಯಿತು. 1895ರಲ್ಲಿ ಗುಹಾಶಾಸ್ತ್ರದ ಸಂಘವನ್ನು ಸ್ಥಾಪಿಸಿ, ಸ್ಪೆಲುಂಕಾ ಎಂಬ ಪತ್ರಿಕೆಯನ್ನು ಹೊರಡಿಸಿದನು. ಅದೇ ವರ್ಷದ ಆಗಸ್ಟ್ 1ರಂದು ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಗೇಪಿಂಗ್ ಗಿಲ್ ಎಂಬ ಕೂಪಕ್ಕೆ ಇಳಿದನು. ಹೊಳೆಯೊಂದು ಜಲಪಾತವಾಗಿ ಅದರೊಳಕ್ಕೆ ಬೀಳುತ್ತದೆ. 1842ರಲ್ಲಿ ಒಬ್ಬ ಆಂಗ್ಲನು ಇಳಿಯಲು ಯತ್ನಿಸಿ ಅರ್ಧದಲ್ಲಿಯೇ ಹಿಂತಿರುಗಿದ್ದನು. ಮಾರ್ಟೆಲನು ಏಣಿಗಳನ್ನು ಒಂದಕ್ಕೊಂದು ಜೋಡಿಸಿ, ತಲೆಯ ಮೇಲೆ ನೀರು ಸುರಿಯುತ್ತಿದ್ದಂತೆಯೇ ಸುಮಾರು 100 ಮೀಟರು ಇಳಿದು, ತಳದ ವಿಶಾಲವಾದ ಸಭಾಂಗಣದಲ್ಲಿ ಏಕಾಂಗಿಯಾಗಿ ನಿಂತನು. ಮೇಲೆ ಕಾದಿದ್ದ ಆಂಗ್ಲರು, ತಮ್ಮ ಊರಿನ ಕೂಪದ ತಳವನ್ನು ಪರದೇಶದವನೊಬ್ಬನು ಮೊದಲು ಮುಟ್ಟಿದನೆಂದು ನಾಚಿದರೂ ಹರ್ಷಧ್ವನಿಯಿಂದಲೇ ಆತನನ್ನು ಬರಮಾಡಿಕೊಂಡರು. ಮರುವರ್ಷ ಸ್ಪೇನಿನ ಮಯೋರ್ಕಾ ದ್ವೀಪದ ದ್ರಾಕ್ ಗುಹೆಗಳಲ್ಲಿ ಆತನು ಕಂಡ ಭೂಗರ್ಭದ ಸರೋವರಕ್ಕೆ ಇಂದಿಗೂ ಆತನ ಹೆಸರೇ ಇದೆ.

ತಾನು ಕಂಡುದಕ್ಕೆಲ್ಲ ತನ್ನ ಹೆಸರನ್ನೇ ಇಡುವ ಸ್ವಭಾವ ಮಾತ್ರ ಮಾರ್ಟೆಲನದಲ್ಲ. 1897ರ ಸೆಪ್ಟೆಂಬರಿನಲ್ಲಿ ಕಮ್ಮಾರ ಆರ್ಮಾನನು ಕೋಸ್ ಬಯಲಿನಲ್ಲಿ ಹೊಸ ಬಾಯಿಯೊಂದನ್ನು ಕಂಡು ಓಡಿಬಂದು ತಿಳಿಸಿದನು. ಮೊದಲು ಇಳಿದವನೂ ಅವನೇ. ಒಳಗೆ ವಿಶಾಲವಾದ ಮಂಟಪ. ಅದರಲ್ಲಿ ನೂರಾರು ಸುಣ್ಣಕಲ್ಲಿನ ಕಂಬಗಳು ಕಾಡಿನ ಮರಗಳಂತೆ ಒತ್ತಾಗಿ ನಿಂತಿದ್ದುವು. ಅವುಗಳಲ್ಲಿ ಒಂದರ ಎತ್ತರ ಸುಮಾರು 30 ಮೀಟರು. ತೊಟ್ಟು ತೊಟ್ಟಾಗಿ ಬಿದ್ದ ನೀರು ಸಹಸ್ರಾರು ವರ್ಷ ಬೆಳೆಸಿದ ಕಾಡು ಅದು. ಮಾರ್ಟೆಲನು ಆ ಗುಹೆಗೆ ಕಮ್ಮಾರನ ಹೆಸರನ್ನಿಟ್ಟನು. ಫ್ರಾನ್ಸಿನ ಭೂಪಟದಲ್ಲಿ ಇಂದಿಗೂ ಅದು ಆರ್ಮಾನನ ಕೂಪ. ವಿದ್ಯಾವಂತರಾದ ನಾವು ಗಮನಿಸಬೇಕಾದ ಗುಣವಿದು.

1905ರಲ್ಲಿ ವೆರ್ದೋ ನದಿಯ ದುರ್ಗಮವಾದ ಕಂದರವನ್ನು ಆಗಸ್ಟ್ ತಿಂಗಳ ನಾಲ್ಕು ದಿನಗಳಲ್ಲಿ ಹಾದುಬಂದನು. 1912ರಲ್ಲಿ ಅಮೆರಿಕಕ್ಕೆ ಹೋಗಿ ಮ್ಯಾಮತ್ ಗುಹೆಯನ್ನು ನೋಡಿದನು. ಗುಹೆಗಳೊಳಗಿನ ಶಾಖವು ಎಲ್ಲೆಲ್ಲಿಯೂ ಎಂದೆಂದಿಗೂ ಒಂದೇ ಸಮನಾಗಿರುವುದೆಂದು ಹಿಂದಿನವರು ತಿಳಿದಿದ್ದರು. ಹೋದಲ್ಲೆಲ್ಲ ಉಷ್ಣಮಾಪಕವನ್ನು ಒಯ್ಯುತ್ತಿದ್ದ ಮಾರ್ಟೆಲನು ಅದು ಹಾಗಲ್ಲವೆಂದು ತೋರಿಸಿದನು. ಗುಹೆಯ ಆಕಾರ, ಗಾಳಿಯ ಸಂಚಾರ, ನೀರಿನ ಹರಿವುಗಳಿಗೆ ತಕ್ಕಂತೆ ಶಾಖವೂ ಬದಲಾಗುತ್ತದೆ. ವೃದ್ಧಾಪ್ಯದಲ್ಲಿ ಇಳಿಯುವ ಶಕ್ತಿ ಕುಂದಿದರೂ ಬರೆಯುವ ಶಕ್ತಿ ಕುಂದಲಿಲ್ಲ. 1938ರ ಜೂನ್ 3ರಂದು, ಎಪ್ಪತ್ತೆಂಟರ ವಯಸ್ಸಿನಲ್ಲಿ, ಆತನು ಕಾಲವಶನಾದನು.

ಇನ್ನು ಮಂಗಳ ಗ್ರಹದ ಮಾತಿಗೆ ಬರೋಣ.

ಮಂಗಳದಲ್ಲಿ ಆರ್ಸಿಯಾ ಎಂಬ ಮಹಾ ಜ್ವಾಲಾಮುಖಿ ಪರ್ವತವಿದೆ. ಅದರ ಇಳಿಜಾರಿನಲ್ಲಿ ಏಳು ಕಪ್ಪು ಬೊಟ್ಟುಗಳನ್ನು ಅಮೆರಿಕದ ವಿಜ್ಞಾನಿಗಳು ಒಡಿಸ್ಸಿ ನೌಕೆಯ ಚಿತ್ರಗಳಲ್ಲಿ ಗುರುತಿಸಿ 2007ರಲ್ಲಿ ಪ್ರಕಟಿಸಿದರು. ಒಂದೊಂದರ ಅಗಲವೂ 100 ಮೀಟರಿಗೆ ಕಡಮೆಯಿಲ್ಲ. ಅವು ಗುಹೆಗಳ ಬಾಯಿಗಳಿರಬಹುದೆಂದು ಊಹಿಸಲು ಆಧಾರವು ಶಾಖವೇ. ಸುತ್ತಲಿನ ನೆಲಕ್ಕಿಂತ ಆ ಬೊಟ್ಟುಗಳು ಹಗಲಿನಲ್ಲಿ ತಂಪಾಗಿಯೂ ರಾತ್ರಿಯಲ್ಲಿ ಬೆಚ್ಚಗೂ ಇದ್ದುವು. ಮಾರ್ಟೆಲನು ಉಷ್ಣಮಾಪಕವನ್ನು ಕೈಯಲ್ಲಿ ಹಿಡಿದು ಇಳಿದನು; ಇವರು ಕೋಟ್ಯಂತರ ಮೈಲು ದೂರದಿಂದ ಅದೇ ಪರೀಕ್ಷೆಯನ್ನು ಮಾಡಿದರು.

ಜ್ವಾಲಾಮುಖಿಯಲ್ಲಿ ಗುಹೆಯಾಗುವ ಬಗೆ ಬೇರೆ. ಕರಗಿದ ಕಲ್ಲಿನ ಹೊಳೆಯು ಹರಿಯುವಾಗ ಮೇಲ್ಭಾಗವು ಮೊದಲು ತಣಿದು ಗಟ್ಟಿಯಾಗುತ್ತದೆ; ಒಳಗಿನದು ಹರಿದುಹೋಗಿ ಬರಿಯ ಕೊಳವೆ ಉಳಿಯುತ್ತದೆ. ಎಲ್ಲಿಯಾದರೂ ಮಾಡು ಕುಸಿದರೆ ಅದೇ ಬಾಯಿ. ಮಲ್ಪೆಯ ಎದುರಿನ ಸೈಂಟ್ ಮೇರಿ ದ್ವೀಪಗಳ ಕಂಬಗಲ್ಲುಗಳನ್ನು ನೋಡಿದವರಿಗೆ, ನಮ್ಮ ಕರಾವಳಿಯಲ್ಲಿಯೂ ಸುಮಾರು 8.8 ಕೋಟಿ ವರ್ಷಗಳ ಹಿಂದೆ ಅಂತಹ ಬೆಂಕಿಯ ಹೊಳೆ ಹರಿದು ತಣಿದುದರ ಗುರುತು ಸಿಗುತ್ತದೆ. ಮಂಗಳದಲ್ಲಿ ಭೂಮಿಯ ಸೆಳೆತದ ಮೂರರಲ್ಲೊಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಸೆಳೆತವಿರುವುದರಿಂದ ಕೊಳವೆಗಳು ಕುಸಿಯದೆ ಇನ್ನೂ ದೊಡ್ಡದಾಗಿ ನಿಲ್ಲಬಲ್ಲವೆಂದು ವಿಜ್ಞಾನಿಗಳ ಎಣಿಕೆ.

ಸುದ್ದಿಯನ್ನು ಕೇಳಿ ಗುಹಾಪ್ರಿಯರು ಮೊದಲು ಹಿಗ್ಗಿದರು. ಹಿಗ್ಗಿದ ಮೇಲೆ ತಲೆಯಾಡಿಸಿದರು. ಕಪ್ಪಾಗಿ ಕಂಡುದೆಲ್ಲ ಗುಹೆಯೇ? ಬಾಯಿಯಿದ್ದ ಮಾತ್ರಕ್ಕೆ ಹೊಟ್ಟೆಯಿರಬೇಕೆ? ನೆಲದ ಮೇಲೆ ನೂರಾರು ಕುಳಿಗಳಿಗೆ ಆಸೆಯಿಂದ ಇಳಿದು, ಹತ್ತು ಮಾರಿಗೇ ಕಲ್ಲುರಾಶಿಯ ಮೇಲೆ ಕಾಲೂರಿ ಬಂದವರ ಅನುಭವದ ಮಾತಿದು. ಅವರ ಸಂದೇಹವು ಸುಳ್ಳಾಗಲಿಲ್ಲ. ಅದೇ 2007ರಲ್ಲಿ ಬೇರೊಂದು ನೌಕೆಯು ಆರ್ಸಿಯಾದ ಒಂದು ಬಾಯಿಯನ್ನು ಓರೆಯಿಂದ ಚಿತ್ರಿಸಿತು. ಬಿಸಿಲು ಬಿದ್ದ ನೇರವಾದ ಗೋಡೆ ಕಂಡಿತು. ಆಳವು ಕನಿಷ್ಠ 178 ಮೀಟರು. ಆದರೆ ಪಕ್ಕಕ್ಕೆ ಹಾದಿಯಿರುವ ಕುರುಹು ಕಾಣಲಿಲ್ಲ. ಅದು ಗುಹೆಯ ಬಾಯಿಯಾಗಿರದೆ ಬರಿಯ ಬಾವಿಯೂ ಆಗಿರಬಹುದು. ಕಾಲುವೆಗಳ ವಿಷಯದಲ್ಲಿ ಒಮ್ಮೆ ಮೋಸಹೋದ ಜಗತ್ತಿಗೆ ಈ ಎಚ್ಚರವು ಒಳ್ಳೆಯದೇ. ಆದರೂ ಹುಡುಕಾಟ ನಿಲ್ಲಲಿಲ್ಲ. 2010ರಲ್ಲಿ ಕ್ಯಾಲಿಫೋರ್ನಿಯದ ಒಂದು ಶಾಲೆಯ ಏಳನೆಯ ತರಗತಿಯ ಹದಿನಾರು ಮಕ್ಕಳು ನೌಕೆಯ ಚಿತ್ರಗಳನ್ನು ಪರಿಶೀಲಿಸುತ್ತ ಪಾವೋನಿಸ್ ಎಂಬ ಪರ್ವತದ ಮೇಲೆ ಅಂತಹುದೇ ಹೊಸ ಬಾಯಿಯೊಂದನ್ನು ಪತ್ತೆಹಚ್ಚಿದರು. ಗಾರ್ಗಾಸಿನ ಬಾಗಿಲಲ್ಲಿ ನಿಂತ ಏಳು ವರ್ಷದ ಮಾರ್ಟೆಲನು ಕಣ್ಣೆದುರು ಬಂದಂತಾಗುವುದಿಲ್ಲವೇ? ಇಂದು ಪಟ್ಟಿಯಲ್ಲಿರುವ ಇಂತಹ ಸ್ಥಳಗಳು ಸಾವಿರಕ್ಕೂ ಹೆಚ್ಚು.

ನಮ್ಮ ದೇಶವೂ ಈ ಕೆಲಸದಲ್ಲಿ ಹಿಂದುಳಿದಿಲ್ಲ. 2008ರಲ್ಲಿ ಹಾರಿದ ಚಂದ್ರಯಾನ 1ರ ಚಿತ್ರಗಳಿಂದ ಚಂದ್ರನಲ್ಲಿ ಕುಸಿಯದೆ ಉಳಿದ, ಸುಮಾರು 1.7 ಕಿಲೋಮೀಟರು ಉದ್ದದ ಕೊಳವೆಯನ್ನು ನಮ್ಮ ವಿಜ್ಞಾನಿಗಳು ಗುರುತಿಸಿದರು. 2014ರ ಸೆಪ್ಟೆಂಬರ್ 24ರಂದು ಮಂಗಳವನ್ನು ಸೇರಿದ ಮಂಗಳಯಾನವು ಆರ್ಸಿಯಾ ಪರ್ವತದ ಚಿತ್ರವನ್ನೂ ಕಳುಹಿಸಿತು.

ಗುಹಾಪ್ರಿಯರ ಮುಂದಿನ ಪ್ರಶ್ನೆ: ಇಳಿಯುವವರು ಯಾರು? ಮೇಲೆ ಹಗ್ಗ ಹಿಡಿಯುವವರು ಯಾರು? ರೇಡಿಯೋ ಅಲೆಗಳು ದಪ್ಪ ಕಲ್ಲನ್ನು ದಾಟಲಾರವು. ಆದುದರಿಂದ ಯಂತ್ರವನ್ನು ಇಳಿಸುವುದಾದರೂ ಮಾರ್ಟೆಲನ ಟೆಲಿಫೋನಿನಂತೆ ತಂತಿಯನ್ನು ಕಟ್ಟಿಯೇ ಇಳಿಸಬೇಕಾದೀತು. ಯುರೋಪಿನ ಬಾಹ್ಯಾಕಾಶ ಸಂಸ್ಥೆಯು 2011ರಿಂದ ಗಗನಯಾತ್ರಿಗಳನ್ನು ಗುಹೆಗಳಿಗೆ ಕರೆದೊಯ್ದು ತರಬೇತು ಕೊಡುತ್ತ ಬಂದಿದೆ. ಕತ್ತಲೆ, ಏಕಾಂತ, ಸಂಗಡಿಗನ ಮೇಲಿನ ಭರವಸೆ, ಇವುಗಳನ್ನು ಕಲಿಸಲು ಗುಹೆಗಿಂತ ಬೇರೆ ಪಾಠಶಾಲೆಯಿಲ್ಲ.

ಆದರೆ ಬಲ್ಲ ಗುಹಾಪ್ರಿಯರನ್ನು ಹೆಚ್ಚಾಗಿ ಕಾಡುವ ಪ್ರಶ್ನೆ ಇದಲ್ಲ. ಮಂಗಳದ ಮೇಲ್ಮೈಯು ಜೀವಕ್ಕೆ ಒಗ್ಗದ ಜಾಗ. ಗಾಳಿಯು ನಮ್ಮ ಗಾಳಿಯ ನೂರರಲ್ಲೊಂದು ಪಾಲಿಗಿಂತಲೂ ತೆಳು. ಸೂರ್ಯನ ಘಾತಕ ಕಿರಣಗಳಿಗೆ ತಡೆಯಿಲ್ಲ. ಅಲ್ಲಿ ಎಂದಾದರೂ ಸೂಕ್ಷ್ಮಜೀವಿಗಳು ಹುಟ್ಟಿದ್ದರೆ ಅವುಗಳಿಗೆ ಕೊನೆಯ ಆಶ್ರಯವು ನೆಲದೊಳಗಿನ ಕತ್ತಲೆಯೇ ಆಗಿರಬೇಕು. ನಮ್ಮ ಯಂತ್ರವೋ ಮನುಷ್ಯನೋ ಅಲ್ಲಿಗೆ ಇಳಿಯುವಾಗ ಭೂಮಿಯ ಸೂಕ್ಷ್ಮಜೀವಿಗಳನ್ನು ಹೊತ್ತುಕೊಂಡು ಹೋದರೆ? ಹುಡುಕಿದ್ದು ಅವರದೋ ನಮ್ಮದೋ ಎಂದು ತಿಳಿಯುವಂತಿಲ್ಲ, ಅಲ್ಲಿದ್ದುದೂ ಅಳಿದುಹೋಗಬಹುದು. 1967ರ ಬಾಹ್ಯಾಕಾಶ ಒಪ್ಪಂದವು ಇತರ ಗ್ರಹಗಳನ್ನು ಕೆಡಿಸಬಾರದೆಂದು ರಾಷ್ಟ್ರಗಳನ್ನು ಕಟ್ಟಿಹಾಕಿದೆ. ಆ ವಿಧಿಯನ್ನೂ 1902ರ ಫ್ರಾನ್ಸಿನ ವಿಧಿಯನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಹುರುಳು ಒಂದೇ. ನೋಡುವ ಆಸೆಯೂ ಕೆಡಿಸುವ ಭಯವೂ ಒಂದೇ ಎದೆಯಲ್ಲಿ ಸೆಣಸುತ್ತಿರುವಾಗ ಗುಹಾಪ್ರಿಯರು ಏನು ಮಾಡಬೇಕು? ಇಳಿಯಬಾರದೆಂದು ಕೆಲವರು, ಶುದ್ಧಿ ಮಾಡಿಕೊಂಡು ಇಳಿಯಬೇಕೆಂದು ಹಲವರು. ಮಾರ್ಟೆಲನು ಇದ್ದಿದ್ದರೆ ಎರಡನೆಯವರ ಕಡೆ ನಿಲ್ಲುತ್ತಿದ್ದನೆಂದು ನನ್ನ ಊಹೆ; ಆದರೆ ಸತ್ತ ಕರುವನ್ನು ಆತನು ಯಾರಿಗೂ ಮರೆಯಗೊಡುತ್ತಿರಲಿಲ್ಲ.

ಮಂಗಳದ ಚಿಂತೆಯು ದೊಡ್ಡ ರಾಷ್ಟ್ರಗಳಿಗಿರಲಿ, ನಮಗೇನು ಎಂದು ವಾಚಕರು ಕೇಳಬಹುದು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಯಾವ ದಾರಿಯಲ್ಲಿ ಹೋದರೂ ಹಾಡಿಯ ಅಂಚಿನಲ್ಲಿ ಮುರಕಲ್ಲು ಕಡಿದು ಬಿಟ್ಟ ಹೊಂಡಗಳಿವೆ. ಕಲ್ಲು ತೀರಿದ ಮೇಲೆ ಅವುಗಳಿಗೆ ಬೀಳುವುದು ಊರಿನ ಕಸ. ಮುರಕಲ್ಲಿನ ಮೈಯೆಲ್ಲ ತೂತು. ಮಳೆಗಾಲದ ಮೊದಲ ತಿಂಗಳಲ್ಲಿ ಹೊಂಡದ ನೀರು ಎಲ್ಲಿಗೆ ಇಳಿಯುತ್ತದೆ? ತಗ್ಗಿನ ಮನೆಯ ಬಾವಿಕಟ್ಟೆಯಲ್ಲಿ ನಿಂತು ಕೊಡ ಎತ್ತುವ ಹೆಂಗಸಿಗೆ ಆ ಹೊಂಡ ಕಾಣುವುದಿಲ್ಲ. ಪ್ಯಾರಿಸಿನ ವಕೀಲನಿಗೂ ಹಾಸಿಗೆ ಹಿಡಿಯುವವರೆಗೆ ಕಂಡಿರಲಿಲ್ಲ.

ಮೂಡುಗಲ್ಲಿನ ಗುಹೆಯ ನೀರು ಮೀನುಗಳು ಬದುಕುವಷ್ಟು ತಿಳಿಯಾಗಿ ಉಳಿದಿರುವುದು ಭಕ್ತಿಯ ಕಾವಲಿನಿಂದ. ಹೆಸರಿಲ್ಲದ ಮಾಟಗಳಿಗೂ ಹೊಂಡಗಳಿಗೂ ದೇವರ ಕಾವಲಿಲ್ಲ. ಕಾಯುವವರು ನಾವೇ ಆಗಬೇಕು. ಬರುವ ಬೇಸಿಗೆಯ ರಜೆಯಲ್ಲಿ ನಮ್ಮ ಕಾಲೇಜಿನ ಮಿತ್ರರು ಒಂದು ಹಗ್ಗ, ಒಂದು ಟಾರ್ಚು, ಒಂದು ಉಷ್ಣಮಾಪಕ, ಒಂದು ಟಿಪ್ಪಣಿ ಪುಸ್ತಕವನ್ನು ಹಿಡಿದು, ಊರಿನ ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು, ತಮ್ಮ ತಮ್ಮ ಗ್ರಾಮದ ಹೊಂಡಗಳನ್ನೂ ಬಾವಿಗಳನ್ನೂ ಗುರುತಿಸಿ ಒಂದು ನಕ್ಷೆಯನ್ನು ಬರೆದರೆ ಅದೇ ಮಾರ್ಟೆಲನಿಗೆ ಸಲ್ಲಿಸುವ ಶ್ರಾದ್ಧ. ಆ ನಕ್ಷೆಯಲ್ಲಿ ಯಾವ ಮಾಟಕ್ಕಾದರೂ ಹೆಸರಿಡಬೇಕಾಗಿ ಬಂದರೆ, ದಾರಿ ತೋರಿಸಿದ ಆ ಹಿರಿಯರ ಹೆಸರನ್ನು ಇಡುವುದನ್ನು ಮರೆಯದಿರೋಣ.